ಹಿಮ್ಮಡಿ ಮುಳ್ಳು ಮತ್ತು ರತ್ನಗಂಬಳಿ

ಮನುಷ್ಯಕುಲವನ್ನು ಆಗಾಗ ಕಾಡುವ ಮಹಾಪ್ರಶ್ನೆಗಳಲ್ಲಿ ಒಂದು 1956ರ ವಸಂತದಲ್ಲಿ ಮಾರ್ಲ್‌ಷೈರ್ ಕೌಂಟಿಯ ಹೊಸ್ತಿಲಿಗೆ ಬಂದು ನಿಂತಿತು. ರಾಣಿಯವರ ಪ್ರತಿನಿಧಿಯಾದ ಲಾರ್ಡ್ ಲೆಫ್ಟಿನೆಂಟರು ಸಮವಸ್ತ್ರದಲ್ಲಿ ಬರುವಾಗ ಅವರ ಬೂಟಿನ ಹಿಮ್ಮಡಿಗೆ ಕಟ್ಟಿರುವ ಉಕ್ಕಿನ ಮುಳ್ಳುಗಳು ಕೋಪ್ಸ್‌ಬರಿ ಪಟ್ಟಣದ ಹೊಸ ಗ್ರಂಥಾಲಯದ ಹೊಸ ರತ್ನಗಂಬಳಿಯನ್ನು ಹರಿದುಹಾಕುತ್ತವೆಯೋ ಇಲ್ಲವೋ? ಅದೇ ವಾರ ಸಾಮ್ರಾಜ್ಯದ ಇನ್ನೊಂದು ಮೂಲೆ ಕಳಚಿ ಬೀಳುತ್ತಿತ್ತು. ಅದಕ್ಕೆ ಊರಿನ ಪತ್ರಿಕೆ ಒಂದು ಅಂಕಣ ಕೊಟ್ಟಿತು. ಮುಳ್ಳಿಗೆ ಮೂರು.

ಕುದುರೆಯನ್ನು ತಿವಿಯುವುದಕ್ಕೆಂದು ಇರುವ ಆ ಮುಳ್ಳುಗಳನ್ನು ಕುದುರೆಯೇ ಇಲ್ಲದೆ ಕಟ್ಟಿಕೊಳ್ಳುವುದೇಕೆ ಎಂದು ಯಾರೂ ಕೇಳಲಿಲ್ಲ. ಇಂಗ್ಲೆಂಡಿನಲ್ಲಿ ಹಾಗೆ ಕೇಳಲು ಹೊರಟರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಹೇಳುವುದು ಕಷ್ಟ.

ಗ್ರಂಥಾಲಯ ಸಮಿತಿಯ ಅಧ್ಯಕ್ಷೆ ಮಿಸೆಸ್ ಪಾಡ್‌ಮೋರ್ ಔಷಧಿ ಅಂಗಡಿಯವರ ವಿಧವೆ. ದನಿ ದೊಡ್ಡದು, ಟೋಪಿ ಇನ್ನೂ ದೊಡ್ಡದು. ಸಮಿತಿಯ ಸಭೆಯಲ್ಲಿ ಆಕೆ ಲಾರ್ಡ್ ಲೆಫ್ಟಿನೆಂಟ್ ಸರ್ ರೋಲಂಡ್ ಫೆಲ್‌ಗೇಟ್ ಅವರ ಹೆಂಡತಿ ಹೆಸ್ಟರ್‌ಳನ್ನು ನೇರವಾಗಿಯೇ ಹಿಡಿದಳು.

"ನನಗೆ ರಾಣಿಯವರ ಮೇಲೆ ಭಕ್ತಿ ಇಲ್ಲ ಅಂತಲ್ಲ, ಲೇಡಿ ಫೆಲ್‌ಗೇಟ್. ಆದ್ರೆ ಈ ಕಂಬಳಿಗೋಸ್ಕರ ನಾವು ಮಳೆಗಾಲ ಚಳಿಗಾಲ ಅನ್ನದೆ ಕೇಕ್ ಮಾರಿದೀವಿ. ನನ್ನ ಮೊಣಕಾಲು ಹೋಗಿದ್ದೇ ಆ ಚರ್ಚಿನ ಕಲ್ಲು ಹಾಸಿನ ಮೇಲೆ ನಿಂತು."

"ಕಂಬಳಿ ತುಂಬ ಚೆನ್ನಾಗಿದೆ, ಮಿಸೆಸ್ ಪಾಡ್‌ಮೋರ್."

"ಚೆನ್ನಾಗಿರೋದಕ್ಕೇ ಹೇಳ್ತಿರೋದು. ಸರ್ ರೋಲಂಡ್ ಆ ಮುಳ್ಳು ಬಿಚ್ಚಿಟ್ಟು ಬಂದ್ರೆ ಆಕಾಶ ಕಳಚಿ ಬೀಳುತ್ತಾ?"

"ಸಮವಸ್ತ್ರ ಅಂದ್ಮೇಲೆ ಮುಳ್ಳೂ ಸೇರಿದೆ."

"ಕುದುರೆ ಎಲ್ಲಿ ಮತ್ತೆ?"

"ಸೊಂಟದಲ್ಲಿ ಕತ್ತಿನೂ ಇರುತ್ತಲ್ಲ. ಯಾರನ್ನ ಕಡೀಬೇಕು ಅಂತ ನೀವು ಕೇಳಲಿಲ್ಲ."

"ಕತ್ತಿ ನನ್ನ ಕಂಬಳಿಗೆ ತಾಗಲ್ಲ," ಎಂದಳು ಮಿಸೆಸ್ ಪಾಡ್‌ಮೋರ್.

ಲಾರ್ಡ್ ಲೆಫ್ಟಿನೆಂಟರ ಕಚೇರಿಯ ಕಾರ್ಯದರ್ಶಿ ಮಿಸ್ಟರ್ ಪಿಂಚ್‌ಬೆಕ್ ಕೆಮ್ಮಿದರು. ಯಾರ ಮನಸ್ಸನ್ನೂ ನೋಯಿಸದೆ ಬದುಕಿ ಬಂದಿದ್ದ ಅವರಿಗೆ ಆ ಕಾರಣಕ್ಕೇ ಹೊಟ್ಟೆಯ ಹುಣ್ಣು ಇತ್ತು. "ಏನಾದ್ರೂ ಒಂದು ದಾರಿ ಹುಡುಕೋಣ," ಎಂದರು. "ಇಬ್ಬರಿಗೂ ಒಪ್ಪಿಗೆ ಆಗೋ ಥರ."

ಲೇಡಿ ಫೆಲ್‌ಗೇಟ್ ಇಷ್ಟು ಹಟ ಹಿಡಿದದ್ದನ್ನು ಆ ಊರು ಕಂಡಿರಲಿಲ್ಲ. ಮಳೆ ಬಂದರೆ ಮಳೆಯ ಕ್ಷಮೆ ಕೇಳುವಂಥ ಹೆಂಗಸು. ವಯಸ್ಸಾದ ಮೇಲೆ ಅಧಿಕಾರದ ಅಮಲು ಏರಿದೆ ಎಂದರು ಕೆಲವರು. ಹೆಸ್ಟರ್ ಅದನ್ನೂ ಕೇಳಿಸಿಕೊಂಡಳು. ಜನ ಮುಳ್ಳಿನ ಬಗ್ಗೆ ಮಾತಾಡುತ್ತಿರುವಷ್ಟು ದಿನ ಇನ್ನೊಂದರ ಬಗ್ಗೆ ಮಾತಾಡುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು.

ಆ ಇನ್ನೊಂದು ಏನೆಂದರೆ, ಸರ್ ರೋಲಂಡ್‌ಗೆ ಮರೆವು ಹತ್ತಿತ್ತು.

ಮೊದಮೊದಲು ಅದು ಎಲ್ಲರಿಗೂ ಆಗುವಂಥದ್ದೇ ಆಗಿತ್ತು. ಕನ್ನಡಕ, ಕೀಲಿಕೈ, ಡಾಕ್ಟರ ಹೆಸರು. ಆಮೇಲೆ ನಾಯಿಯನ್ನು ಫ್ರಾನ್ಸಿನಲ್ಲಿ ಸತ್ತ ತಮ್ಮನ ಹೆಸರಿನಿಂದ ಕರೆದರು. ನಾಯಿ ಬಂತು, ಹಾಗಾಗಿ ಅವರಿಗೆ ತಪ್ಪು ಗೊತ್ತಾಗಲಿಲ್ಲ. ಜನವರಿಯಲ್ಲಿ ರೆಜಿಮೆಂಟಿನ ಊಟದಲ್ಲಿ ಎದ್ದು ನಿಂತು, ಗ್ಲಾಸು ಎತ್ತಿ, "ಮಹನೀಯರೇ, ರಾಜರಿಗೆ!" ಎಂದರು. ರಾಜರು ತೀರಿಹೋಗಿ ನಾಲ್ಕು ವರ್ಷವಾಗುತ್ತ ಬಂದಿತ್ತು. ಎಲ್ಲರೂ ಹಳೇ ಅಭ್ಯಾಸ ಎಂದುಕೊಂಡು ಕುಡಿದರು. ಹೆಸ್ಟರ್ ಮಾತ್ರ ತನ್ನ ಗ್ಲಾಸನ್ನು ಹಾಗೇ ಕೆಳಗಿಟ್ಟಳು.

ಆದರೆ ಒಂದು ವಿಚಿತ್ರ. ಸಮವಸ್ತ್ರ ತೊಟ್ಟ ದಿನ ಅವರು ಇಡಿಯಾಗಿ ಇರುತ್ತಿದ್ದರು. ಕಡುನೀಲಿ ಕೋಟು, ಕೆಂಪು ಪಟ್ಟಿಯ ಪ್ಯಾಂಟು, ಕತ್ತಿ, ಕೊನೆಗೆ ಹಿಮ್ಮಡಿಯ ಮುಳ್ಳು. ಮುಳ್ಳಿನ ಪಟ್ಟಿ ಬಿಗಿದು ಒಂದು ಹೆಜ್ಜೆ ಇಟ್ಟು ಅದು 'ಝಲ್' ಎಂದ ಕೂಡಲೇ ಯಾರೋ ಒಳಗಡೆ ದೀಪ ಹಚ್ಚಿದ ಹಾಗೆ ಮುಖ ಬೆಳಗುತ್ತಿತ್ತು. ಬೆನ್ನು ನೆಟ್ಟಗಾಗುತ್ತಿತ್ತು. ಹೆಸ್ಟರ್‌ಳನ್ನು 'ನನ್ನ ಹುಡುಗಿ' ಎನ್ನುತ್ತಿದ್ದರು. ಮುಳ್ಳು ಬಿಚ್ಚಿಟ್ಟ ಸಂಜೆಯೇ ಮತ್ತೆ ಕಿಟಕಿಯ ಹತ್ತಿರ ಕೂತು, ಆಚೆ ಹುಲ್ಲು ಕತ್ತರಿಸುತ್ತಿರುವವನು ಯಾರು ಎಂದು ವಿನಯದಿಂದ ಕೇಳುತ್ತಿದ್ದರು.

ಆ ಹುದ್ದೆಗೆ ಆಗ ನಿವೃತ್ತಿಯ ವಯಸ್ಸು ಇರಲಿಲ್ಲ. ಸಾಯುವವರೆಗೂ ಇರಬಹುದು, ತಾನಾಗಿ ಬಿಟ್ಟರೆ ಬಿಡಬಹುದು. ಸುದ್ದಿ ಹೊರಬಿದ್ದರೆ ಬಿಡಲೇಬೇಕಾಗುತ್ತದೆ. ಬಿಟ್ಟರೆ ಸಮವಸ್ತ್ರವೂ ಹೋಗುತ್ತದೆ, ಸಮವಸ್ತ್ರದ ಒಳಗೆ ಬಂದುಹೋಗುತ್ತಿದ್ದ ಆ ಮನುಷ್ಯನೂ ಹೋಗುತ್ತಾನೆ. ಹೆಸ್ಟರ್‌ಗೆ ಬೇಕಾಗಿದ್ದುದು ಇಷ್ಟೇ: ವರ್ಷಕ್ಕೆ ಹತ್ತಾರು ದಿನವಾದರೂ ಗಂಡ ಮನೆಗೆ ಬರಬೇಕು.

ಮಾರ್ಲ್‌ಷೈರಿನಲ್ಲಿ ಫೆಲ್‌ಗೇಟ್ ಮನೆತನದವರು ಹಿಂದೆಯೂ ಈ ಹುದ್ದೆಯಲ್ಲಿದ್ದವರು. ಅವರ ಚಿತ್ರಗಳು ಮನೆಯ ಮೆಟ್ಟಿಲುದ್ದಕ್ಕೂ ತೂಗಾಡುತ್ತಿದ್ದವು. ಬೆಳಗ್ಗೆ ತಿಂದ ಮೊಟ್ಟೆ ನೆನಪಿಲ್ಲದ ಸರ್ ರೋಲಂಡ್‌ಗೆ ಇವರೆಲ್ಲರ ಕಥೆ ಬಾಯಿಪಾಠ. ಚಹಾಕ್ಕೆ ಬಂದವರನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿಕೊಂಡು ಶುರುಮಾಡುತ್ತಿದ್ದರು.

"ಎಂಟನೇ ಹೆನ್ರಿ ಕಾಲದಲ್ಲಿ ನಮ್ಮ ಕೆಲಸ ಏನು ಗೊತ್ತಾ? ರಾಜನ ಹೆಸರಲ್ಲಿ ಕೌಂಟಿಯ ಗಂಡಸರನ್ನ ಒಟ್ಟು ಹಾಕೋದು. ಬಿಲ್ಲು ಇರೋನು, ಈಟಿ ಇರೋನು, ಏನೂ ಇಲ್ದೇ ಇರೋನು, ಎಲ್ಲರನ್ನೂ. ಆಮೇಲೆ ಅವನ ಮಗಳ ಕಾಲದಲ್ಲಿ ಸ್ಪೇನಿನ ಹಡಗು ಬಂದಾಗ ಗುಡ್ಡದ ಮೇಲೆ ಬೆಂಕಿ ಹಚ್ಚಿ ಕಾದರು. ಹಡಗು ನಮ್ಮ ಕಡೆ ಬರಲಿಲ್ಲ. ನಮಗೆ ಸಮುದ್ರನೇ ಇಲ್ಲವಲ್ಲ! ಆದ್ರೂ ಕಾದರು."

ಮುಂದಿನ ಚಿತ್ರದಲ್ಲಿ ಬಿಳಿ ಕೂದಲಿನ ಟೋಪನ್ ಧರಿಸಿದ ದಪ್ಪ ಮನುಷ್ಯ. "ಇವರು 1757ನೇ ಇಸವಿ. ಚೀಟಿ ಎತ್ತಿ ಬಡವರನ್ನ ದಂಡಿಗೆ ಸೇರಿಸಬೇಕು ಅಂತ ಕಾನೂನು ಬಂತು. ಜನ ದೊಣ್ಣೆ ಹಿಡ್ಕೊಂಡು ಈ ಬಾಗಿಲಿಗೇ ಬಂದ್ರು. ಇವರು ಪಾರಿವಾಳದ ಗೂಡೊಳಗೆ ಕೂತಿದ್ದರು, ಎರಡು ದಿನ. ಜನ ನೆಲಮಾಳಿಗೆಯ ಬಿಯರನ್ನೆಲ್ಲ ಕುಡಿದು, 'ರಾಜರಿಗೆ ಜಯವಾಗಲಿ' ಅಂತ ಕೂಗಿ ಮನೆಗೆ ಹೋದ್ರು. ಇವರು ಲಂಡನ್ನಿಗೆ ಬರೆದರು, ಗಲಭೆ ಅಡಗಿಸಿದೆ ಅಂತ."

"ಆಮೇಲೆ?"

"ಆಮೇಲೆ 1871. ದಂಡನ್ನೆಲ್ಲ ಸರ್ಕಾರ ತಗೊಂಡಿತು. ನಮಗೆ ಕತ್ತಿ ಬಿಟ್ಟಿತು." ಇಲ್ಲಿಗೆ ಬಂದಾಗ ಸರ್ ರೋಲಂಡ್ ಪ್ರತಿಸಲವೂ ನಗುತ್ತಿದ್ದರು. "ಈಗ ನಮ್ಮ ಕೆಲಸ ಅಂದ್ರೆ ಹೆಸರು ಹೇಳೋದು. ರಾಜಮನೆತನದವರು ಯಾರಾದ್ರೂ ಬಂದಾಗ ಸಾಲಲ್ಲಿ ನಿಂತ ಒಬ್ಬೊಬ್ಬರದೂ ಹೆಸರು ಹೇಳಿ ಪರಿಚಯ ಮಾಡಿಸೋದು. ನಾಲ್ಕುನೂರು ವರ್ಷದಲ್ಲಿ ಉಳಿದಿದ್ದು ಇಷ್ಟೇ. ಇದನ್ನಾದ್ರೂ ಸರಿಯಾಗಿ ಮಾಡ್ಬೇಕಲ್ಲ?"

ಗ್ರಂಥಾಲಯವನ್ನು ಉದ್ಘಾಟಿಸಲು ರಾಜಮನೆತನದ ಒಬ್ಬ ವಯಸ್ಸಾದ ಡಚೆಸ್ ಬರುವವರಿದ್ದರು. ಸಾಲಿನಲ್ಲಿ ನಿಲ್ಲಬೇಕಾದವರನ್ನು ಪಿಂಚ್‌ಬೆಕ್ ಗೊತ್ತುಮಾಡಿದ್ದರು. ಕಾಗದ ನೋಡಿಕೊಂಡು ಹೆಸರು ಓದಿದರಾಯಿತು ಎಂದು ಹೆಸ್ಟರ್ ಒಮ್ಮೆ ಮೆಲ್ಲಗೆ ಹೇಳಿನೋಡಿದಳು.

"ಚೀಟಿ ನೋಡಿ ಹೇಳೋಕೆ ನಾನೇನು ರೈಲ್ವೆ ಸ್ಟೇಷನ್ನಿನವನಾ?" ಎಂದರು ಸರ್ ರೋಲಂಡ್. ಅವರಿಗೆ ಸಿಟ್ಟು ಬರುವುದು ಅಪರೂಪ. ಆಮೇಲೆ ಇಡೀ ಮಧ್ಯಾಹ್ನ ಕೈಬೆರಳುಗಳನ್ನು ನೋಡುತ್ತ ಕೂತಿದ್ದರು.

ಹಾಗಾಗಿ ಹೆಸ್ಟರ್ ಹೂಕುಂಡಗಳನ್ನು ಹಿಡಿದಳು. ತೋಟದ ಗಾಜಿನ ಮನೆಯಲ್ಲಿ ಉದ್ದಕ್ಕೆ ಏಳು ಜೆರೇನಿಯಂ ಕುಂಡಗಳನ್ನು ಸಾಲಾಗಿ ಇಟ್ಟಳು. ಸಾಲಿನ ತಲೆಗೆ, ಮೊದಲ ಕುಂಡದ ಪಕ್ಕ, ತಾನು ನಿಲ್ಲುತ್ತಿದ್ದಳು. ಲಾರ್ಡ್ ಲೆಫ್ಟಿನೆಂಟರು ಮೊದಲು ಪರಿಚಯಿಸುವುದು ತಮ್ಮ ಹೆಂಡತಿಯನ್ನು.

"ನನ್ನ ಹೆಂಡತಿ, ಮೇಡಂ," ಎನ್ನುತ್ತಿದ್ದರು ಸರ್ ರೋಲಂಡ್, ಹೆಸ್ಟರ್ ಕಡೆ ಕೈ ತೋರಿಸಿ. ಅದಕ್ಕೆ ಪಾಠ ಬೇಕಿರಲಿಲ್ಲ. ಪಾಠ ಶುರುವಾಗುತ್ತಿದ್ದುದು ಕುಂಡಗಳಿಂದ. "ಕೋಪ್ಸ್‌ಬರಿಯ ಬಿಷಪ್. ನಮ್ಮ ಹೈ ಷರೀಫ್, ಮೇಜರ್ ಟಾಫ್ಟ್. ಮೇಯರ್ ಮಿಸ್ಟರ್ ಸ್ಲೇಟರ್. ಆಮೇಲೆ..."

"ಟೋಪಿ," ಎಂದಳು ಹೆಸ್ಟರ್.

"ಹಾಂ, ಮಿಸೆಸ್ ಪಾಡ್‌ಮೋರ್! ಅಧ್ಯಕ್ಷೆ. ಕಟ್ಟಡದ ನಕ್ಷೆ ಹಾಕಿದ ಮಿಸ್ಟರ್ ಫಾರ್ಕರ್. ಗ್ರಂಥಪಾಲಕ ಮಿಸ್ಟರ್ ಪಿಮ್. ಕೊನೆಗೆ... ಕೊನೆಗೆ..."

"ನೆಲದ ಕೆಳಗೆ."

"ಮಿಸ್ಟರ್ ಗೆಡ್ಜ್. ಮೂವತ್ತು ವರ್ಷದಿಂದ ಪಟ್ಟಣದ ಚರಂಡಿ ನೋಡಿಕೊಳ್ತಿದ್ದಾರೆ."

ಹದಿನೈದು ದಿನ ಹೀಗೇ ನಡೆಯಿತು. ಬೇರೆ ಕಡೆಯಿಂದ ಕೇಳಿದರೆ ಬರುತ್ತಿರಲಿಲ್ಲ. ನಡುವಿನಿಂದ ಶುರುಮಾಡಿದರೆ ಬರುತ್ತಿರಲಿಲ್ಲ. ಆದರೆ ಬಿಷಪ್ಪರಿಂದ ಹೊರಟರೆ ಗೆಡ್ಜ್‌ವರೆಗೆ, ಇಳಿಜಾರಿನಲ್ಲಿ ಬಿಟ್ಟ ಗಾಡಿಯ ಹಾಗೆ, ಎಲ್ಲೂ ನಿಲ್ಲದೆ ಹೋಗುತ್ತಿದ್ದರು. ಮುಳ್ಳು ಕಟ್ಟಿಕೊಂಡರೆ ಸುಳಿವಿನ ಮಾತೂ ಬೇಕಾಗುತ್ತಿರಲಿಲ್ಲ. ಹೆಜ್ಜೆಗೊಂದು ಝಲ್, ಝಲ್ಲಿಗೊಂದು ಹೆಸರು.

ತೋಟದ ಮುದುಕ ಡಾಡ್‌ಗೆ ಇದು ಏನೆಂದು ಯಾರೂ ಹೇಳಿರಲಿಲ್ಲ. ಅವನು ಕೇಳಲೂ ಇಲ್ಲ. ಆದರೆ ಒಂದು ಬೆಳಗ್ಗೆ ಹೆಸ್ಟರ್ ಬರುತ್ತಲೇ ಟೋಪಿ ತೆಗೆದು ವರದಿ ಒಪ್ಪಿಸಿದ: "ಅಮ್ಮಾವ್ರೇ, ಎಲ್ಲರಿಗೂ ನೀರು ಹಾಕಿದೀನಿ. ಷರೀಫರಿಗೆ ಹುಳ ಬಿದ್ದಿದೆ, ಸೋಪಿನ ನೀರು ಹೊಡೀಬೇಕು. ಬಿಷಪ್ಪರು ಯಾಕೋ ಹಳದಿ ಆಗ್ತಿದಾರೆ."

ಹೆಸ್ಟರ್ ನಕ್ಕಳು. ನಗು ನಿಲ್ಲಿಸುವುದು ಸ್ವಲ್ಪ ಕಷ್ಟವಾಯಿತು. ಡಾಡ್ ಬೇರೆ ಕಡೆ ತಿರುಗಿ ಕತ್ತರಿ ಮಸೆಯತೊಡಗಿದ.

ಉದ್ಘಾಟನೆಯ ದಿನ ಸರ್ ರೋಲಂಡ್ ಪೊಲೀಸ್ ಮುಖ್ಯಸ್ಥರ ಜೊತೆ ರೈಲು ನಿಲ್ದಾಣಕ್ಕೆ ಹೋದರು. ಮುಳ್ಳು ಝಲ್ಲೆನ್ನುತ್ತಿತ್ತು. ಕಾರು ಹತ್ತುವ ಮುಂಚೆ ಹೆಂಡತಿಯ ಕೆನ್ನೆ ಮುಟ್ಟಿ, "ನನ್ನ ಹುಡುಗಿ, ಬಿಷಪ್ಪರ ಪಕ್ಕದಲ್ಲಿ ನಿಂತಿರು, ಬಂದೆ," ಎಂದರು. ಹೆಸ್ಟರ್ ಗ್ರಂಥಾಲಯಕ್ಕೆ ಬಂದಾಗ ಆಕೆಯ ಮನಸ್ಸು ತಿಂಗಳುಗಳಲ್ಲೇ ಮೊದಲ ಸಲ ಹಗುರವಾಗಿತ್ತು.

ಹಜಾರದಲ್ಲಿ ಸಾಲು ಆಗಲೇ ನಿಂತಿತ್ತು. ದೊಡ್ಡ ಬಾಗಿಲ ಹತ್ತಿರ ಬಿಷಪ್, ಕಾಲಿಗೆ ಬಾವು ಬಂದು ಕುರ್ಚಿಯ ಬೆನ್ನು ಹಿಡಿದಿದ್ದರು. ಆಚೆ ತುದಿಯಲ್ಲಿ ಗೆಡ್ಜ್, ಮದುವೆಗೆ ಹೊಲಿಸಿದ್ದ ಕೋಟಿನಲ್ಲಿ. ಪಿಂಚ್‌ಬೆಕ್ ಅವನಿಗೆ ಕೊನೆಯ ಮಾತು ಹೇಳುತ್ತಿದ್ದರು. "ನೆನಪಿಟ್ಕೊಳ್ಳಿ. ಡಚೆಸ್ ಮಾತಾಡಿಸಿದ್ರೆ ಮಾತ್ರ ಮಾತು. ಲಾರ್ಡ್ ಲೆಫ್ಟಿನೆಂಟರು ಏನೇ ಹೇಳಲಿ, ತಿದ್ದೋ ಹಾಗಿಲ್ಲ. ಅವರು ರಾಣಿಯವರ ಪರವಾಗಿ ಮಾತಾಡೋದು."

"ನನ್ನ ಹೆಂಡ್ತಿ ಹತ್ರ ಮೂವತ್ತು ವರ್ಷ ಅದೇ ಅಭ್ಯಾಸ, ಸರ್," ಎಂದ ಗೆಡ್ಜ್.

ಪಿಂಚ್‌ಬೆಕ್ ಹೆಸ್ಟರ್‌ಳನ್ನು ಕಂಡು ಕೈ ಉಜ್ಜಿಕೊಳ್ಳುತ್ತ ಬಂದರು. ಮುಖದಲ್ಲಿ ಹಬ್ಬ.

"ಲೇಡಿ ಫೆಲ್‌ಗೇಟ್, ದಾರಿ ಸಿಕ್ತು! ಇಬ್ಬರೂ ಗೆದ್ದ ಹಾಗಾಯ್ತು. ಮುಳ್ಳೂ ಇರುತ್ತೆ, ಕಂಬಳಿನೂ ಉಳಿಯುತ್ತೆ. ನೋಡಿ, ಕಂಬಳಿ ಇರೋದು ದೊಡ್ಡ ಬಾಗಿಲಿಂದ ಒಳಗೆ. ಹಿಂದಿನ ತೋಟದ ಬಾಗಿಲ ಕಡೆ ಬರೀ ಕಲ್ಲು ಹಾಸು. ಹಾಗಾಗಿ ಸವಾರಿ ಹಿಂದಿನ ಬಾಗಿಲಿಂದ ಬರುತ್ತೆ. ಸಾಲಿನ ಮುಂದೆ ಹಾದಿ ಪೂರ್ತಿ ಕಲ್ಲು. ಒಂದು ದಾರ ಕೂಡ ಹರಿಯಲ್ಲ."

ಹೆಸ್ಟರ್ ಆ ತುದಿ ನೋಡಿದಳು, ಈ ತುದಿ ನೋಡಿದಳು.

"ಅಂದ್ರೆ ಗೆಡ್ಜ್ ಮೊದಲು."

"ಅದೇ ಇದರ ಸೊಗಸು! ಚರ್ಚಿನ ಮೆರವಣಿಗೆಯಲ್ಲಿ ದೊಡ್ಡವರು ಕೊನೆಗೆ ಬರ್ತಾರಲ್ವಾ? ಬಿಷಪ್ಪರು ಖುಷಿಯಿಂದ ಒಪ್ಪಿದ್ರು. ನೀವು ಎಲ್ಲರಿಗಿಂತ ಕೊನೆ, ಅಂದ್ರೆ ಎಲ್ಲರಿಗಿಂತ ದೊಡ್ಡವರು."

"ಸರ್ ರೋಲಂಡ್‌ಗೆ ಗೊತ್ತಾ?"

"ಕಾರು ಓಡಿಸೋನಿಗೆ ಹೇಳಿದೀನಿ."

"ಸಾಲು ತಿರುಗಿಸಿ," ಎಂದಳು ಹೆಸ್ಟರ್. "ಈಗಲೇ. ಬಿಷಪ್ಪರನ್ನ ಆ ಕಡೆ ಕಳಿಸಿ."

"ಈಗ? ಅವರ ಕಾಲು ನೋಡಿ. ಫೋಟೋದವನು ದೀಪ ನಿಲ್ಲಿಸಾಗಿದೆ. ಕಾರು ಸೇತುವೆ ದಾಟಿತು ಅಂತ ಪೊಲೀಸಿನವನು ಸನ್ನೆ ಮಾಡಿದ..." ಪಿಂಚ್‌ಬೆಕ್ ಆಕೆಯ ಮುಖ ನೋಡಿ ನಿಂತರು. ಗಾಬರಿಯಿಂದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. "ಯಾಕೆ ಮೇಡಂ? ಏನಾದ್ರೂ ಕಾರಣ ಇದೆಯಾ?"

ಕಾರಣ ಹೇಳಿದ್ದರೆ ಬಿಷಪ್ಪರನ್ನು ಕುರ್ಚಿಯ ಸಮೇತ ಹೊತ್ತಾದರೂ ಆಚೆ ಇಡುತ್ತಿದ್ದರು. ಒಂದು ಮಾತು ಸಾಕಿತ್ತು. ಆ ಮಾತು ಪಿಂಚ್‌ಬೆಕ್ಕಿಗೆ ಗೊತ್ತಾದರೆ ಅವರು ಯಾರಿಗೂ ಹೇಳುವುದಿಲ್ಲ. ಬರೀ ದುಃಖಪಡುತ್ತಾರೆ, ಎಲ್ಲರ ಮುಂದೆ, ಜೋರಾಗಿ. ಸಂಜೆಯೊಳಗೆ ಊರಿಗೇ ಗೊತ್ತು. ಇಲ್ಲವೇ ಸುಮ್ಮನಿದ್ದು, ಮುಳ್ಳು ಝಲ್ಲೆಂದ ಮೇಲೆ ಸರ್ ರೋಲಂಡ್ ಹೇಗಾದರೂ ನಿಭಾಯಿಸುತ್ತಾರೆ ಎಂದು ನಂಬುವುದು.

"ಇಲ್ಲ," ಎಂದಳು ಹೆಸ್ಟರ್. "ಏನೂ ಇಲ್ಲ." ಹೋಗಿ ಬಿಷಪ್ಪರ ಪಕ್ಕ ನಿಂತಳು.

ತೋಟದ ಬಾಗಿಲು ತೆರೆಯಿತು. ಡಚೆಸ್ ಒಬ್ಬ ಪುಟ್ಟ ಮುದುಕಿ. ಎದುರಿಗಿರುವುದು ಮನುಷ್ಯನೋ ಬೀರುವೋ ಕಾಣಿಸದಷ್ಟು ಕಣ್ಣು ಮಂಜು, ಆದರೆ ಜನರ ಮುಂದೆ ಕನ್ನಡಕ ಹಾಕುತ್ತಿರಲಿಲ್ಲ. ಪಕ್ಕದಲ್ಲಿ ಸರ್ ರೋಲಂಡ್, ಎತ್ತರಕ್ಕೆ, ನೆಟ್ಟಗೆ. ಕಲ್ಲಿನ ಮೇಲೆ ಮುಳ್ಳಿನ ಸದ್ದು ಕಂಬಳಿಯ ಮೇಲಿನದ್ದಕ್ಕಿಂತ ಎಷ್ಟೋ ಚೆನ್ನಾಗಿ ಕೇಳಿಸುತ್ತಿತ್ತು.

ಸಾಲಿನ ಎದುರು ಒಂದು ಕ್ಷಣ ನಿಂತರು. ಹೆಂಡತಿ ಇರಬೇಕಾದ ಜಾಗದಲ್ಲಿ ಹೆಂಡತಿ ಇರಲಿಲ್ಲ. ಅವರ ತಲೆ ಸ್ವಲ್ಪ ಅತ್ತಿತ್ತ ಆಡಿದ್ದನ್ನು ಹಜಾರದ ಈ ತುದಿಯಿಂದ ಹೆಸ್ಟರ್ ಕಂಡಳು. ಆಮೇಲೆ ಹೆಜ್ಜೆ ಮುಂದಿಟ್ಟರು. ಝಲ್.

"ಮೇಡಂ, ಕೋಪ್ಸ್‌ಬರಿಯ ಬಿಷಪ್."

ಗೆಡ್ಜ್ ಬಾಯಿ ತೆರೆದ. ಪಿಂಚ್‌ಬೆಕ್ ಕಡೆ ನೋಡಿದ. ಪಿಂಚ್‌ಬೆಕ್ ಸುಣ್ಣದ ಗೋಡೆಯ ಹಾಗೆ ಬೆಳ್ಳಗಾಗಿದ್ದರು. ಗೆಡ್ಜ್ ಬಾಯಿ ಮುಚ್ಚಿ ತಲೆ ಬಾಗಿಸಿದ.

"ನಿಮ್ಮ ಕೆಥೆಡ್ರಲ್ ಹೇಗಿದೆ, ಬಿಷಪ್?" ಎಂದು ಡಚೆಸ್ ವಿಚಾರಿಸಿದರು.

ಗೆಡ್ಜ್ ಯೋಚಿಸಿದ. ಸುಳ್ಳು ಹೇಳುವವನಲ್ಲ. "ತೇವ ಇದೆ, ಮೇಡಂ. ಅಡಿಪಾಯದಲ್ಲಿ ನೀರು ನಿಲ್ಲುತ್ತೆ. ಉತ್ತರದ ಕಡೆ ಒಂದು ಸಲ ಅಗೀಬೇಕು."

"ಎಲ್ಲಾ ಕೆಥೆಡ್ರಲ್ಲುಗಳದೂ ಅದೇ ಕಥೆ," ಎಂದು ಡಚೆಸ್ ಮುಂದೆ ಸರಿದರು.

ಝಲ್. "ಹೈ ಷರೀಫ್, ಮೇಜರ್ ಟಾಫ್ಟ್." ಗ್ರಂಥಪಾಲಕ ಪಿಮ್, ಜೀವಮಾನದಲ್ಲಿ ಪಟಾಕಿ ಕೂಡ ಹೊಡೆಯದವನು, ಮೇಜರನಾಗಿ ನಡುಗುತ್ತ ಬಾಗಿದ. ಯಾವ ರೆಜಿಮೆಂಟು ಎಂದು ಡಚೆಸ್ ಕೇಳಿದರು. "ಬಹಳ ಸಣ್ಣದು, ಮೇಡಂ," ಎಂದ. ಝಲ್. "ಮೇಯರ್ ಮಿಸ್ಟರ್ ಸ್ಲೇಟರ್." ನಕ್ಷೆಯ ಫಾರ್ಕರ್ ತುಟಿ ಕಚ್ಚಿಕೊಂಡು ಕೈ ಚಾಚಿದ. ಅಷ್ಟರಲ್ಲಿ ಸಾಲಿಗೆಲ್ಲ ಅರ್ಥವಾಗಿತ್ತು. ಯಾರೂ ಅಲುಗಾಡಲಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬೇರೆ ದೇಶದಲ್ಲಾಗಿದ್ದರೆ ಯಾರಾದರೂ ಕೂಗುತ್ತಿದ್ದರು, ಇಲ್ಲವೇ ನಗುತ್ತಿದ್ದರು. ಮಾರ್ಲ್‌ಷೈರಿನವರು ಮುಂದಿನ ಹೆಸರಿಗಾಗಿ ಕಾದರು, ತಮ್ಮ ಪಾಲಿಗೆ ಯಾರು ಬರುತ್ತಾರೋ ಎಂದು.

ಝಲ್. "ಸಮಿತಿಯ ಅಧ್ಯಕ್ಷೆ ಮಿಸೆಸ್ ಪಾಡ್‌ಮೋರ್."

ಆಕೆ ಸಾಲಿನ ಸರಿಯಾದ ನಡುವೆ ನಿಂತಿದ್ದಳು. ಎತ್ತ ಕಡೆಯಿಂದ ಎಣಿಸಿದರೂ ಅವಳು ಅವಳೇ. ಇಡೀ ಹೊತ್ತು ಕಂಬಳಿಯ ಅಂಚನ್ನೇ ಕಾಯುತ್ತಿದ್ದ ಆಕೆಗೆ ಬೇರೆ ಏನೂ ಕೇಳಿಸಿರಲಿಲ್ಲ. ಟೋಪಿ ನೆಲಕ್ಕೆ ತಾಗುವಷ್ಟು ಬಾಗಿದಳು.

ಝಲ್. "ಕಟ್ಟಡದ ನಕ್ಷೆ ಹಾಕಿದ ಮಿಸ್ಟರ್ ಫಾರ್ಕರ್." ಇದು ಮೇಯರ್. ಎದೆಯ ಮೇಲೆ ಒಂದು ಸೇರು ಚಿನ್ನದ ಸರ.

"ಚಾವಣಿ ಬಹಳ ಸುಂದರವಾಗಿದೆ," ಎಂದರು ಡಚೆಸ್.

ಆ ಚಾವಣಿಯ ವಿರುದ್ಧ ನಗರಸಭೆಯಲ್ಲಿ ಎರಡು ವರ್ಷ ಹೋರಾಡಿದ್ದ ಮೇಯರ್ ಗಂಟಲು ಸರಿಪಡಿಸಿಕೊಂಡರು. "ಸೋರುತ್ತೆ ಅಂತ ಮೇಯರ್ ಹೇಳ್ತಾನೇ ಇರ್ತಾರೆ, ಮೇಡಂ."

"ಮೇಯರ್‌ಗಳ ಮಾತು ಕಿವಿಗೆ ಹಾಕ್ಕೋಬೇಡಿ."

"ಇಲ್ಲ, ಮೇಡಂ."

ಝಲ್. ಮೇಜರ್ ಟಾಫ್ಟ್ ಗ್ರಂಥಪಾಲಕರಾಗಿ, ಕೆಂಪಗೆ, ಪುಸ್ತಕಗಳು ಆರೋಗ್ಯವಾಗಿವೆ ಎಂದರು. ಝಲ್. ಸರ್ ರೋಲಂಡ್ ಬಿಷಪ್ಪರ ಮುಂದೆ ಬಂದರು. ಒಂದೇ ಶಾಲೆಯಲ್ಲಿ ಒಂದೇ ಕೋಣೆಯಲ್ಲಿ ಮಲಗಿ, ಒಟ್ಟಿಗೆ ಏಟು ತಿಂದು ಬೆಳೆದ ಗೆಳೆಯರು ಇಬ್ಬರೂ. ನೇರಳೆ ನಿಲುವಂಗಿ, ಎದೆಯಲ್ಲಿ ಶಿಲುಬೆ.

"ಮಿಸ್ಟರ್ ಗೆಡ್ಜ್, ಮೇಡಂ. ಮೂವತ್ತು ವರ್ಷದಿಂದ ಪಟ್ಟಣದ ಚರಂಡಿ ನೋಡಿಕೊಳ್ತಿದ್ದಾರೆ."

ಬಿಷಪ್ ಗೆಳೆಯನ ಮುಖವನ್ನು ನೋಡಿದರು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಆಮೇಲೆ ಕುರ್ಚಿ ಬಿಟ್ಟು, ಬಾವು ಬಂದ ಕಾಲ ಮೇಲೆಯೇ ಭಾರ ಹಾಕಿ, ತಗ್ಗಿ ನಮಸ್ಕರಿಸಿದರು.

"ಮಾಡಿದ್ದು ಸಾಲದು, ಮೇಡಂ," ಎಂದರು. "ಇನ್ನೂ ಎಷ್ಟೋ ಕೊಳೆ ಹಾಗೇ ಇದೆ."

ಉಳಿದಿದ್ದವಳು ಹೆಸ್ಟರ್.

ಹೆಸರುಗಳು ಮುಗಿದಿದ್ದವು. ಗಾಡಿ ಇಳಿಜಾರಿನ ಬುಡಕ್ಕೆ ಬಂದು ನಿಂತಿತ್ತು. ಮುಂದೆ ಇನ್ನೊಂದು ಮುಖ, ಅದಕ್ಕೆ ಇನ್ನೊಂದು ಹೆಸರು ಬೇಕು. ಸರ್ ರೋಲಂಡ್ ಆಕೆಯನ್ನು ನೋಡಿದರು. ಅವರ ಕಣ್ಣಲ್ಲಿ ಭಯವಿರಲಿಲ್ಲ. ಭಯ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಹೆಸ್ಟರ್‌ಗೆ ಅನ್ನಿಸಿತು. ಪ್ರದರ್ಶನಗಳಲ್ಲಿ ಜಾಮ್‌ಗೆ ಬಹುಮಾನ ಪಡೆದ ಹೆಂಗಸರಿಗೆ, ರೈತರಿಗೆ, ಅಪರಿಚಿತರಿಗೆ ಅವರು ಬೀರುತ್ತಿದ್ದ ಆ ಮೃದುವಾದ ಸಾರ್ವಜನಿಕ ಮುಗುಳ್ನಗೆ ಅಲ್ಲಿತ್ತು. ಅವಳು ತುಟಿಯಲ್ಲೇ 'ನಿನ್ನ ಹುಡುಗಿ' ಎಂದಳು. ಅದು ಅವರಿಗೆ ಕಾಣಲಿಲ್ಲ.

ಡಚೆಸ್ ಕಾದರು. ಹಜಾರ ಕಾಯಿತು.

"ಮತ್ತೆ ಇವರು," ಎಂದರು ಸರ್ ರೋಲಂಡ್. ಹುಡುಕಿದರು. ಏನೋ ಸಿಕ್ಕಿದ ಹಾಗೆ ಮುಖ ಅರಳಿತು. "ಇವರು ನನಗೆ ಎಲ್ಲರ ಹೆಸರೂ ಹೇಳಿಕೊಡ್ತಾರೆ, ಮೇಡಂ. ಬಹಳ ತಾಳ್ಮೆ ಇವರಿಗೆ. ಬಹಳ ಒಳ್ಳೆಯವರು."

"ಎಂಥ ಅನುಕೂಲ," ಎಂದರು ಡಚೆಸ್. "ನನಗೂ ಇಂಥವರು ಒಬ್ಬರು ಬೇಕಿತ್ತು. ಬಹಳ ದಿನದಿಂದ ಇದೀರಾ ಇವರ ಹತ್ರ?"

"ಮೂವತ್ತೆಂಟು ವರ್ಷ, ಮೇಡಂ," ಎಂದು ಹೆಸ್ಟರ್ ಮಂಡಿ ಬಾಗಿಸಿದಳು. ನಲವತ್ತರ ಹತ್ತಿರ ಬಂದ ಸಂಸಾರವನ್ನು ನೌಕರಿಯ ಲೆಕ್ಕದಲ್ಲಿ ಒಪ್ಪಿಸಿದಳು.

ಡಚೆಸ್ ಫಲಕದ ಪರದೆ ಎಳೆದರು. ಎಲ್ಲರೂ ಚಪ್ಪಾಳೆ ಹೊಡೆದರು, ಹೊಡೆಯಬೇಕಾದ್ದಕ್ಕಿಂತ ಜೋರಾಗಿ.

ಚಹಾದ ಹೊತ್ತಿಗೆ ಯಾರೂ ಆ ವಿಷಯ ಎತ್ತಲಿಲ್ಲ. ಮೇಯರ್ ಹವಾಮಾನದ ಬಗ್ಗೆ ಮಾತಾಡಿದರು. ಟಾಫ್ಟ್ ಸಹ ಹವಾಮಾನದ ಬಗ್ಗೆಯೇ ಮಾತಾಡಿದರು. ಗೆಡ್ಜ್ ಬಂದು ಹೆಸ್ಟರ್ ಕೈಗೆ ಒಂದು ತಟ್ಟೆ ಸೌತೆಕಾಯಿ ಸ್ಯಾಂಡ್‌ವಿಚ್ ಕೊಟ್ಟು, "ತಿನ್ನಿ ಅಮ್ಮಾವ್ರೇ, ಬೆಳಗ್ಗೆಯಿಂದ ನಿಂತಿದೀರಿ," ಎಂದಷ್ಟೇ ಹೇಳಿ ಹೋದ. ಊರಿಗೆ ಊರೇ ಇಷ್ಟು ಚೆನ್ನಾಗಿ ನಡೆದುಕೊಂಡದ್ದನ್ನು ಕಂಡು ಹೆಸ್ಟರ್‌ಗೆ ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ ಎಂದು ಗೊತ್ತಾಯಿತು. ಮಿಸೆಸ್ ಪಾಡ್‌ಮೋರ್ ಮಾತ್ರ ಅಪ್ಪಟ ಸಂತೋಷದಲ್ಲಿ ಓಡಿಬಂದಳು.

"ಲೇಡಿ ಫೆಲ್‌ಗೇಟ್, ಎಷ್ಟು ಸೊಗಸಾಗಿ ಆಯ್ತು! ಸರ್ ರೋಲಂಡ್ ನನ್ನ ಹೆಸರು ಎಷ್ಟು ಸ್ಪಷ್ಟವಾಗಿ ಹೇಳಿದ್ರು. ಮುಳ್ಳಿನ ವಿಷಯ ಮನಸ್ಸಲ್ಲಿ ಇಟ್ಕೋಬೇಡಿ, ಆಯ್ತಾ? ನಾನು ಸ್ವಲ್ಪ ಜಾಸ್ತಿನೇ ಆಡ್ಬಿಟ್ಟೆ."

"ಇಲ್ಲ, ನಾನೇ," ಎಂದಳು ಹೆಸ್ಟರ್.

ಬಿಷಪ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಆಕೆ ಹತ್ತಿರ ಬಂದಾಗ ತಲೆ ಎತ್ತದೆ ಕೇಳಿದರು, "ಎಷ್ಟು ದಿನದಿಂದ?"

"ಹೋದ ವರ್ಷದ ಚಳಿಗಾಲದಿಂದ."

"ನನಗೆ ಹೇಳ್ಬಹುದಿತ್ತು, ಹೆಸ್ಟರ್."

"ಹೇಳಿದ್ರೆ ನೀವು ಒಳ್ಳೆಯ ಮಾತಾಡ್ತಿದ್ರಿ. ಅದನ್ನ ತಡ್ಕೊಳ್ಳೋ ಶಕ್ತಿ ನನಗಿರಲಿಲ್ಲ."

ಬಿಷಪ್ ಹೌದೆಂದು ತಲೆ ಆಡಿಸಿದರು. ಒಳ್ಳೆಯ ಮಾತು ಆಡಲಿಲ್ಲ.

ಮನೆಗೆ ಬಂದ ಮೇಲೆ ಸರ್ ರೋಲಂಡ್ ಮೆಟ್ಟಿಲ ಬುಡದ ಬೆಂಚಿನ ಮೇಲೆ ಕೂತರು. ಹೆಸ್ಟರ್ ನೆಲದ ಮೇಲೆ ಕೂತು ಮುಳ್ಳಿನ ಪಟ್ಟಿ ಬಿಚ್ಚತೊಡಗಿದಳು. ತಲೆಯ ಮೇಲೆ, ಪಾರಿವಾಳದ ಗೂಡಿನಲ್ಲಿ ಅಡಗಿದ್ದ ಪೂರ್ವಜ ಗೋಡೆಯಿಂದ ಕೆಳಗೆ ನೋಡುತ್ತಿದ್ದ.

"ಚೆನ್ನಾಗಿ ಆಯ್ತಾ?" ಎಂದು ಕೇಳಿದರು.

"ಚೆನ್ನಾಗಿ ಆಯ್ತು."

"ಒಂದು ಹೆಸರೂ ತಪ್ಪಲಿಲ್ಲ ಅಲ್ವಾ?"

ಪಟ್ಟಿಯ ಕೊಂಡಿ ಬಿಗಿಯಾಗಿತ್ತು. ಹೆಸ್ಟರ್ ಅದರ ಮೇಲೇ ಕಣ್ಣಿಟ್ಟಳು. "ಒಂದೂ ಬಿಡಲಿಲ್ಲ ನೀನು. ಎಲ್ಲರ ಹೆಸರೂ ಹೇಳಿದೆ."

"ಹಾಗಾದ್ರೆ ಸರಿ." ಗುಟ್ಟು ಹೇಳುವವರ ಹಾಗೆ ಬಾಗಿದರು. "ಕೊನೆಯಲ್ಲಿ ಒಬ್ಬರು ಇದ್ರು ನೋಡು. ನೀಲಿ ಬಟ್ಟೆ. ಅವರ ಹೆಸರು ಯಾರೂ ನನಗೆ ಹೇಳಿರಲಿಲ್ಲ. ಪಿಂಚ್‌ಬೆಕ್ ತಪ್ಪು ಅದು. ಪಾಪ, ಅವರು ಬೇಜಾರು ಮಾಡ್ಕೊಂಡ್ರೋ ಏನೋ."

"ಇಲ್ಲ," ಎಂದಳು ನೀಲಿ ಬಟ್ಟೆಯ ಹೆಸ್ಟರ್. "ಅವರಿಗೆ ಬೇಜಾರಾಗಿಲ್ಲ."

ಮುಳ್ಳುಗಳನ್ನು ಬಟ್ಟೆಯಲ್ಲಿ ಒರೆಸಿ ಡಬ್ಬಿಯಲ್ಲಿಟ್ಟಳು. ಮಾರನೆಯ ದಿನ ಗಾಜಿನ ಮನೆಗೆ ಹೋಗಿ ಡಾಡ್‌ಗೆ ಕುಂಡಗಳನ್ನು ಅವುಗಳ ಜಾಗಕ್ಕೆ ಮರಳಿ ಇಡಲು ಹೇಳಿದಳು. ಯಾವುದು ಯಾವ ಜಾಗಕ್ಕೆ ಎಂದು ಅವನು ಕೇಳಿದ. ಎಲ್ಲಿಟ್ಟರೂ ಆದೀತು ಎಂದಳು. ಆಮೇಲೆ ಪಿಂಚ್‌ಬೆಕ್ಕಿಗೆ ಫೋನು ಮಾಡಿದಳು.

ಜೂನ್ ತಿಂಗಳಲ್ಲಿ ಸರ್ ರೋಲಂಡ್ ಫೆಲ್‌ಗೇಟ್ ಅನಾರೋಗ್ಯದ ಕಾರಣದಿಂದ ಹುದ್ದೆ ಬಿಟ್ಟರು, ಅವರ ಜಾಗಕ್ಕೆ ಮೇಜರ್ ಟಾಫ್ಟ್ ಬಂದರು. ರತ್ನಗಂಬಳಿಗೆ ಏನೂ ಆಗಲಿಲ್ಲ.